ಕಾಗದ ಇಲ್ಲದವರಿಗೂ ವಕೀಲರಿದ್ದಾರೆ: ಮಂಗಳಮುಖಿಯರು, ಜೋಗಪ್ಪಂದಿರು ಮತ್ತು ಉಚಿತ ಕಾನೂನು ನೆರವು

ಹುಬ್ಬಳ್ಳಿ ಹಳೇ ಬಸ್ ನಿಲ್ದಾಣದ ಸುತ್ತಮುತ್ತ ಅಂಗಡಿ ಅಂಗಡಿಗೆ ಹೋಗಿ ದುಡ್ಡು ಕೇಳಿ ಜೀವನ ಮಾಡುವ ಒಬ್ಬ ಮಂಗಳಮುಖಿ ಅಂತ ಇಟ್ಟುಕೊಳ್ಳಿ. ಬಾಡಿಗೆ ಕೋಣೆಯ ಮಾಲೀಕ ಒಂದು ದಿನ ಸಾಮಾನೆಲ್ಲ ಹೊರಗೆ ಇಟ್ಟಿದ್ದಾನೆ. ಅಡ್ವಾನ್ಸ್ ಹಣ ಕೇಳಿದರೆ "ಯಾವ ಅಡ್ವಾನ್ಸ್?" ಅನ್ನುತ್ತಾನೆ. ಯಾರೋ ಹೇಳಿದರೆಂದು ವಕೀಲರ ಹತ್ತಿರ ಹೋದರೆ ಮಾತು ಹೀಗೆ ಶುರುವಾಗುತ್ತದೆ:

"ಕರಾರು ಪತ್ರ ಐತೇನ್ರಿ?"

"ಇಲ್ರಿ, ಬರೀ ಬಾಯಿಮಾತು."

"ಆಧಾರ್?"

"ಐತ್ರಿ. ಆದ್ರ ಅದರಾಗ ಹಳೇ ಹೆಸರು, ಮೀಸಿ ಇದ್ದ ಫೋಟೊ."

"ರೇಷನ್ ಕಾರ್ಡು, ಇನ್‌ಕಮ್ ಸರ್ಟಿಫಿಕೇಟ್?"

"ಕಾರ್ಡು ಊರಾಗ ಅಪ್ಪನ ಕಡೆ ಐತ್ರಿ. ನನ್ನ ಹೆಸರು ತೆಗಸ್ಯಾರ."

ಮಾತು ಅಲ್ಲಿಗೇ ನಿಲ್ಲುತ್ತದೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದರೆ ವಿಳಾಸದ ದಾಖಲೆ ಬೇಕು. ವಿಳಾಸ ತೋರಿಸಲು ಮಾಲೀಕನ ಕರಾರು ಪತ್ರ ಬೇಕು. ಜಗಳ ಇರುವುದೇ ಆ ಮಾಲೀಕನ ಜೊತೆ. ಬಡವರಿಗೆ ಕಾನೂನು ದೂರ ಅನ್ನುತ್ತಾರೆ. ಮನೆಯಿಂದ ಹೊರಬಿದ್ದ ಮಂಗಳಮುಖಿಯರ ವಿಷಯದಲ್ಲಿ ಈ ದೂರವನ್ನು ಹೆಚ್ಚಿಸಿರುವುದು ಮುಖ್ಯವಾಗಿ ಕಾಗದಪತ್ರ. ಆದರೆ ಉಚಿತ ಕಾನೂನು ನೆರವಿನ ಕಾಯ್ದೆ ಈ ತೊಡಕಿಗೆ ಒಂದು ದಾರಿ ಇಟ್ಟಿದೆ, ಅದೂ ಮೊದಲಿನಿಂದಲೇ. ಅದು ಗೊತ್ತಿರುವವರು ಕಡಿಮೆ. ಕಚೇರಿಯ ಕೌಂಟರಿನಲ್ಲಿ ಕೂತವರಿಗೂ ಎಷ್ಟೋ ಸಲ ನೆನಪಿರುವುದಿಲ್ಲ.

ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಸರ್ಕಾರವೇ ಉಚಿತ ನೆರವು ಕೊಡಬೇಕು ಎಂಬ 39-ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಅದನ್ನು ಜಾರಿಗೆ ತರುವ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರದು. ಅದು ನಿಜವಾಗಿ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ರಾಷ್ಟ್ರ, ರಾಜ್ಯ, ಜಿಲ್ಲೆ, ತಾಲೂಕು ಹೀಗೆ ನಾಲ್ಕು ಹಂತದ ವ್ಯವಸ್ಥೆ. ಜನರಿಗೆ ಬೇಕಾದದ್ದು ಕೆಳಗಿನ ಎರಡು. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ಜಿಲ್ಲಾ ನ್ಯಾಯಾಧೀಶರೇ ಅದರ ಅಧ್ಯಕ್ಷರು, ದಿನನಿತ್ಯದ ಕೆಲಸ ನೋಡುವ ಸದಸ್ಯ ಕಾರ್ಯದರ್ಶಿಯೂ ನ್ಯಾಯಾಧೀಶರೇ. ರೋಣ, ರಾಣೆಬೆನ್ನೂರು, ಹಾನಗಲ್‌ನಂಥ ತಾಲೂಕು ಕೋರ್ಟುಗಳಲ್ಲಿ ತಾಲೂಕು ಸಮಿತಿ ಇರುತ್ತದೆ. ಎಲ್ಲಿಗೆ ಹೋಗಬೇಕೆಂದೇ ಗೊತ್ತಾಗದಿದ್ದರೆ 15100ಕ್ಕೆ ಫೋನ್ ಮಾಡಿದರೆ ಸಾಕು.

ಯಾರಿಗೆ ನೆರವು ಎಂಬುದು ಕಾಯ್ದೆಯ 12ನೇ ಕಲಂನಲ್ಲಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಮಾನವ ಸಾಗಣೆಗೆ ಸಿಕ್ಕವರು, ಕಾರ್ಖಾನೆ ಕಾರ್ಮಿಕರು, ಪೊಲೀಸ್ ಅಥವಾ ಜೈಲಿನ ವಶದಲ್ಲಿರುವವರು, ವಿಪತ್ತಿಗೆ ಸಿಕ್ಕವರು, ಕೊನೆಗೆ ಸರ್ಕಾರ ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ಆದಾಯ ಇರುವ ಯಾರಾದರೂ. ಸಂಸತ್ತು 1987ರಲ್ಲಿ ಬರೆದ ಆ ಪಟ್ಟಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಎಂದು ಹೆಸರು ಹಿಡಿದು ಬರೆದಿರಲಿಲ್ಲ. ಕೆಲವರು ಇಲ್ಲೇ "ನಮಗಿಲ್ಲ" ಅಂದುಕೊಂಡು ವಾಪಸ್ ಹೋಗುತ್ತಾರೆ. ಹಾಗಲ್ಲ. ಪಟ್ಟಿಯ ಯಾವುದಾದರೂ ಒಂದು ಸಾಲು ಹೊಂದಿದರೂ ಸಾಕು. ದಲಿತ ಕುಟುಂಬದಿಂದ ಬಂದವರಿಗೆ ಆದಾಯದ ಪ್ರಶ್ನೆಯೇ ಏಳುವುದಿಲ್ಲ. ಪೊಲೀಸರು ಹಿಡಿದಿಟ್ಟಿದ್ದರೆ ಜಾತಿ, ಆದಾಯ ಯಾವುದನ್ನೂ ಕೇಳುವಂತಿಲ್ಲ. ಮಹಿಳೆ ಎಂದು ನಮೂದಾದ ಗುರುತಿನ ದಾಖಲೆ ಕೈಯಲ್ಲಿದ್ದರೆ ಮಹಿಳೆಯರ ಸಾಲಿನಲ್ಲೂ ಕೇಳಬಹುದು. ಉಳಿದವರಿಗೆಲ್ಲ ಆದಾಯದ ಸಾಲು ಇದ್ದೇ ಇದೆ.

ಇನ್ನು ಆ ದಾರಿ. ಮುಂದಿನ ಕಲಂ, ಅಂದರೆ 13ರ ಎರಡನೇ ಉಪಕಲಂ ಹೇಳುವುದಿಷ್ಟು: ಅರ್ಜಿದಾರರು ತಮ್ಮ ಆದಾಯದ ಬಗ್ಗೆ ಅಫಿಡವಿಟ್ ಕೊಟ್ಟರೆ, ಅದನ್ನು ನಂಬದಿರಲು ಕಾರಣ ಇಲ್ಲದಿದ್ದಲ್ಲಿ, ಅಷ್ಟನ್ನೇ ಸಾಕೆಂದು ಪರಿಗಣಿಸಬಹುದು. ಅಂದರೆ ತಹಶೀಲ್ದಾರರ ಸಹಿ ಇರುವ ಆದಾಯ ಪ್ರಮಾಣಪತ್ರ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಬಾಗಿಲಿನಿಂದ ತಿರುಗಿಸಿ ಕಳಿಸುವುದು ಕಾಯ್ದೆಯ ಆಶಯಕ್ಕೆ ವಿರುದ್ಧ. "ನಾನು ದಿನಾ ಭಿಕ್ಷೆ ಬೇಡಿ, ಪಡ್ಡಲಗಿ (ಎಲ್ಲಮ್ಮನ ಬುಟ್ಟಿ) ಹೊತ್ತು, ಇಷ್ಟು ದುಡಿಯುತ್ತೇನೆ, ಬೇರೆ ಆದಾಯ ಇಲ್ಲ" ಎಂದು ಪ್ರಮಾಣ ಮಾಡಿ ಬರೆದ ಒಂದು ಹಾಳೆಯೇ ಪುರಾವೆ ಆಗಬಹುದು. ನನ್ನ ಕೇಳಿದರೆ ಈ ಇಡೀ ಕಾಯ್ದೆಯಲ್ಲಿ ಮನೆಯವರಿಂದ ದೂರವಾದವರಿಗೆ ಇದಕ್ಕಿಂತ ಉಪಯೋಗದ ಸಾಲು ಇನ್ನೊಂದಿಲ್ಲ. ಕಚೇರಿಯಲ್ಲಿ ಆದಾಯ ಪ್ರಮಾಣಪತ್ರವೇ ಬೇಕೆಂದು ಪಟ್ಟು ಹಿಡಿದರೆ 13ನೇ ಕಲಂ ಎಂದು ಹೆಸರು ಹಿಡಿದೇ ಹೇಳಬೇಕು.

ಓದು ಬರಹ ಬಾರದವರು ಬಾಯಿಂದ ಹೇಳಿದರೆ ಅಲ್ಲಿನವರೇ ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಅರ್ಜಿಯ ಮೇಲೆ 7 ದಿನದೊಳಗೆ ತೀರ್ಮಾನ ಆಗಬೇಕು. ಇಲ್ಲ ಅಂದರೆ ಮೇಲ್ಮನವಿ ಉಂಟು. ನೆರವು ಸಿಕ್ಕಮೇಲೆ ವಕೀಲರ ಫೀ, ಕೋರ್ಟ್ ಫೀ, ಟೈಪಿಂಗು, ದಾಖಲೆಗಳ ನಕಲು, ಅನುವಾದ ಎಲ್ಲವೂ ಪ್ರಾಧಿಕಾರದ ಖರ್ಚು. ಪ್ರಾಧಿಕಾರ ಕೊಟ್ಟ ಪ್ಯಾನೆಲ್ ವಕೀಲರು "ಬಸ್ ಚಾರ್ಜಿಗಾದರೂ ಸ್ವಲ್ಪ ಕೊಡಿ" ಅಂದರೂ ಅದು ನಿಯಮಕ್ಕೆ ವಿರುದ್ಧ, ಸದಸ್ಯ ಕಾರ್ಯದರ್ಶಿಗೆ ದೂರು ಕೊಡಬಹುದು. ಹಾಗೆಂದು ಎಲ್ಲ ಪ್ಯಾನೆಲ್ ವಕೀಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಸಂಭಾವನೆ ಕಡಿಮೆ, ಕೇಸು ಹೆಚ್ಚು, ಆದರೂ ಜೀವ ತೇಯುವವರಿದ್ದಾರೆ. ಫೈಲು ತೆಗೆಯದೇ ವಾಯಿದೆ ಮೇಲೆ ವಾಯಿದೆ ಕೇಳುವವರೂ ಇದ್ದಾರೆ. ಕೋರ್ಟ್ ಹಾಲಿನಲ್ಲಿ ಎಲ್ಲರ ಮುಂದೆ ಹಳೇ ಹೆಸರು ಕೂಗಿ ಕರೆದು ಕಕ್ಷಿದಾರರನ್ನು ನೆಲಕ್ಕಿಳಿಸುವವರೂ ಇದ್ದಾರೆ. ವಕೀಲರು ಸರಿಹೋಗದಿದ್ದರೆ ಕಾರಣ ಬರೆದು ಬೇರೆಯವರನ್ನು ಕೊಡಿ ಎಂದು ಕೇಳಬಹುದು. "ಪುಕ್ಕಟೆ ಕೊಟ್ಟಿದ್ದಾರೆ, ಇನ್ನೇನು ಕೇಳುವುದು" ಎಂದು ಸುಮ್ಮನಾಗಬೇಕಿಲ್ಲ.

ಮೇಲಿನ ಬಾಡಿಗೆ ಜಗಳಕ್ಕೆ ಕೋರ್ಟಿನಲ್ಲಿ ದಾವೆ ಹೂಡುವ ಮೊದಲೇ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ ಕೊಡಬಹುದು. ಮಾಲೀಕನಿಗೆ ನೋಟಿಸು ಹೋಗುತ್ತದೆ. ನ್ಯಾಯಾಧೀಶರು ಅಧ್ಯಕ್ಷರಾಗಿರುವ ಕಚೇರಿಯಿಂದ ಕಾಗದ ಬಂದರೆ ಮರೆತುಹೋಗಿದ್ದ ಅಡ್ವಾನ್ಸ್ ಬೇಗ ನೆನಪಾಗುತ್ತದೆ. ಫೋನ್‌ಪೇನಲ್ಲಿ ಬಾಡಿಗೆ ಹಾಕಿದ ದಾಖಲೆ, ಅಕ್ಕಪಕ್ಕದವರ ಮಾತು ಇಂಥವೇ ಇಲ್ಲಿ ಸಾಕ್ಷಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಚಿಕ್ಕ ಹಣದ ವ್ಯಾಜ್ಯಕ್ಕೆ ಇದು ಒಳ್ಳೆಯದು. ಹೊಲಮನೆಯ ವಿಷಯಕ್ಕೆ ಇದೇ ಗುಣ ಅಪಾಯ ಆಗಬಹುದು, ಅದನ್ನು ಮುಂದೆ ಹೇಳುತ್ತೇನೆ.

ಗುರುತಿನ ಕಾಗದದ ಮಾತು ಬಂದರೆ 2014ಕ್ಕೆ ಹೋಗಬೇಕು. ಆ ವರ್ಷ ಏಪ್ರಿಲ್ 15ರಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಸುಪ್ರೀಂ ಕೋರ್ಟ್ ಪೀಠ, ಲಿಂಗ ಗುರುತನ್ನು ನಿರ್ಧರಿಸುವ ಹಕ್ಕು ಆಯಾ ವ್ಯಕ್ತಿಯದೇ, ಶಸ್ತ್ರಚಿಕಿತ್ಸೆ ಆಗಿರಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಹೇಳಿತು. ಆ ಕೇಸು ಹಾಕಿದ್ದು ಬೇರೆ ಯಾರೂ ಅಲ್ಲ, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವೇ. ಧಾರವಾಡದ ಜಿಲ್ಲಾ ಕಚೇರಿಗೆ ಮೇಲಿನ ಕಚೇರಿ ಅದು. ಹಾಗಾಗಿ ಪ್ರಾಧಿಕಾರದ ಬಾಗಿಲಲ್ಲಿ ಸಂಕೋಚಪಡಲು ಮಂಗಳಮುಖಿಯರಿಗೆ ಕಾರಣವೇ ಇಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕು ರಕ್ಷಣೆಯ 2019ರ ಕಾಯ್ದೆ 2020ರ ಜನವರಿ 10ರಂದು ಜಾರಿಗೆ ಬಂತು, ನಿಯಮಗಳು ಅದೇ ಸೆಪ್ಟೆಂಬರಿನಲ್ಲಿ ಬಂದವು. ಆ ನಿಯಮಗಳಲ್ಲಿ ಬರೆದದ್ದು: ಅಫಿಡವಿಟ್ ಜೊತೆ ಜಿಲ್ಲಾಧಿಕಾರಿಗೆ ಅರ್ಜಿ, ವೈದ್ಯಕೀಯ ಪರೀಕ್ಷೆ ಇಲ್ಲ, 30 ದಿನದಲ್ಲಿ ಗುರುತಿನ ಪ್ರಮಾಣಪತ್ರ. ಅದನ್ನು ತೋರಿಸಿ ಬೇರೆ ದಾಖಲೆಗಳಲ್ಲಿ ಹೆಸರು, ಫೋಟೊ ಬದಲಿಸಲು ಕೇಳಿದರೆ ಆಯಾ ಇಲಾಖೆಗೆ 15 ದಿನ. ಈ ಕಾಯ್ದೆ ಬಂದಾಗಿನಿಂದ ಅದರ ಸುತ್ತ ತಕರಾರು, ತಿದ್ದುಪಡಿಯ ಮಾತು ನಿಂತಿಲ್ಲ. ಆದ್ದರಿಂದ ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ಪ್ರಾಧಿಕಾರದ ವಕೀಲರನ್ನೇ ಕೇಳಿಕೊಂಡು ಮುಂದುವರಿಯಬೇಕು. ಮೊಬೈಲಿನಲ್ಲಿ ಹರಿದಾಡುವ ಹಳೇ ಫಾರಂ ನಂಬಿ ಹೋಗಬಾರದು. ಜನನ ಪ್ರಮಾಣಪತ್ರದ ಬಗ್ಗೆ ನಮ್ಮ ಹೈಕೋರ್ಟ್ 2024ರ ಕೊನೆಯಲ್ಲಿ ಒಂದು ಒಳ್ಳೆಯ ದಾರಿ ತೋರಿಸಿತು. ಹಳೆಯ ಹೆಸರು, ಲಿಂಗ ಮತ್ತು ಹೊಸದು ಎರಡನ್ನೂ ನಮೂದಿಸಿ ಪರಿಷ್ಕೃತ ಪ್ರಮಾಣಪತ್ರ ಕೊಡಬೇಕು ಎಂದಿತು. ಶಾಲೆಯ ಟಿ.ಸಿ.ಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇರುವವರಿಗೆ ಇದು ದೊಡ್ಡ ಉಪಕಾರ.

ಪೊಲೀಸ್ ಠಾಣೆಯ ವಿಷಯಕ್ಕೆ ಬಂದರೆ ಹಳೆಯ ಗಾಯವೊಂದಿದೆ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೇ ಭಾಗ ಹಿಜ್ರಾ ಸಮುದಾಯದವರ ಹೆಸರು, ವಿಳಾಸ ಬರೆದಿಡುವ ರಿಜಿಸ್ಟರ್ ಇಡಿಸಿತ್ತು. ಆ ಕಾಯ್ದೆ ಹೋಯಿತು. ಆದರೆ 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36-ಎ ಎಂಬ ಕಲಂ ಸೇರಿ ಅಂಥದೇ ರಿಜಿಸ್ಟರಿಗೆ ಮತ್ತೆ ಅವಕಾಶ ಮಾಡಿತು. ಸಮುದಾಯದವರು ಹೈಕೋರ್ಟಿಗೆ ಹೋದಮೇಲೆ, 2016ರಲ್ಲಿ, ಆ ಕಲಂನಿಂದ ಸಮುದಾಯವನ್ನು ಗುರಿಮಾಡುವ ಪದ ತೆಗೆದರು. ಪುಸ್ತಕದಿಂದ ಪದ ತೆಗೆದ ಮಾತ್ರಕ್ಕೆ ಬೀಟ್ ಪೊಲೀಸರ ತಲೆಯಿಂದ ಹೋಗುವುದಿಲ್ಲ ಅನ್ನುವುದು ರಾತ್ರಿ ರಸ್ತೆಯಲ್ಲಿ ನಿಂತವರಿಗೆ ಗೊತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ರಾತ್ರಿ ಹಿಡಿದು ತಂದ ಮೇಲೆ ಬೆಳಿಗ್ಗೆ ಕೋರ್ಟಿಗೆ ಒಯ್ದು "ಒಪ್ಕೊಂಡುಬಿಡ್ರಿ, ಸಣ್ಣ ದಂಡ ಕಟ್ಟಿ ಮನಿಗೆ ಹೋಗ್ರಿ" ಎಂದು ಸಲಹೆ ಕೊಡುವುದುಂಟು. ಹಸಿದು ನಿದ್ದೆಗೆಟ್ಟವರಿಗೆ ಇದು ದೊಡ್ಡ ಬಿಡುಗಡೆಯಂತೆ ಕಾಣುತ್ತದೆ. ಆದರೆ ತಪ್ಪೊಪ್ಪಿಗೆ ಅಂದರೆ ದಾಖಲೆಯಲ್ಲಿ ಶಿಕ್ಷೆ. 2021ರ ಜುಲೈಯಲ್ಲಿ ರಾಜ್ಯ ಸರ್ಕಾರ ತನ್ನ ನೇಮಕಾತಿ ನಿಯಮ ತಿದ್ದಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಕೊಟ್ಟಿದೆ. ಪ್ರತಿ ವರ್ಗದೊಳಗೂ ಇದು ಅನ್ವಯ. ಸಂಗಮ ಮತ್ತು ಜೀವ ಸಂಸ್ಥೆಗಳು ಹೈಕೋರ್ಟಿನಲ್ಲಿ ಹೋರಾಡಿದ ಫಲ ಇದು. ನಾಳೆ ಆ ಮೀಸಲಾತಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಾಗ ಪೊಲೀಸ್ ವೆರಿಫಿಕೇಶನ್‌ನಲ್ಲಿ ಆ ಸಣ್ಣ ದಂಡವೇ ಅಡ್ಡ ಬರಬಹುದು. ಬಂಧಿಸಿದರೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ವಕೀಲರನ್ನು ಕೊಡಬೇಕು. ಕ್ರಿಮಿನಲ್ ಕೇಸುಗಳಿಗೆಂದೇ 2022ರಿಂದ ಪೂರ್ಣಾವಧಿಯ ಕಾನೂನು ನೆರವು ರಕ್ಷಣಾ ವಕೀಲರ ವ್ಯವಸ್ಥೆ ಬಂದಿದೆ. ಮ್ಯಾಜಿಸ್ಟ್ರೇಟರು "ತಪ್ಪು ಒಪ್ಪುತ್ತೀರಾ?" ಎಂದು ಕೇಳಿದಾಗ "ನನಗ ವಕೀಲರು ಬೇಕ್ರಿ" ಅನ್ನುವ ಒಂದೇ ಮಾತು ಸಾಕು.

ಹಲ್ಲೆಯಾದವರು ತಾವೇ ದೂರು ಕೊಡುವಾಗ ತೊಡಕು ಬೇರೆ ತರಹದ್ದು. ಲಿಂಗತ್ವ ಅಲ್ಪಸಂಖ್ಯಾತರ ಆ ಕಾಯ್ದೆಗೆ 2019ರಲ್ಲಿ ಬರೆದ 18ನೇ ಕಲಂನಲ್ಲಿ ಜೀತ, ಸಾರ್ವಜನಿಕ ಜಾಗಕ್ಕೆ ತಡೆ, ಮನೆ ಅಥವಾ ಊರಿನಿಂದ ಹೊರಹಾಕುವುದು, ದೈಹಿಕ ಲೈಂಗಿಕ ದೌರ್ಜನ್ಯ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ 6 ತಿಂಗಳಿಂದ 2 ವರ್ಷದ ಶಿಕ್ಷೆ ಇಟ್ಟರು. ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ ಇರುವ ದೇಶದಲ್ಲಿ ಇದು ಅನ್ಯಾಯ ಎಂದು ಸಮುದಾಯ ಆಗಲೇ ಹೇಳಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಾಗ ಹಳೆಯ ದಂಡ ಸಂಹಿತೆಯಲ್ಲಿ ಅಸ್ವಾಭಾವಿಕ ಲೈಂಗಿಕ ಕ್ರಿಯೆಗಿದ್ದ 377ನೇ ಕಲಂ ಪೂರ್ತಿ ಬಿಟ್ಟುಹೋಯಿತು. ಒಪ್ಪಿಗೆಯ ಸಂಬಂಧಕ್ಕೆ ಅದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು, ಸರಿ. ಆದರೆ ಬಲಾತ್ಕಾರಕ್ಕೆ ಅದರ ಉಪಯೋಗವೂ ಕೈತಪ್ಪಿತು. ಹೊಸ ಸಂಹಿತೆಯ ಅತ್ಯಾಚಾರದ ಕಲಂ ಮಹಿಳೆಯರನ್ನಷ್ಟೇ ಹೇಳುತ್ತದೆ.

ಆದ್ದರಿಂದ ದೂರು ಬರೆಯುವ ರೀತಿಯ ಮೇಲೇ ಕೇಸಿನ ಬಲ ನಿಂತಿದೆ. ಠಾಣೆಯಲ್ಲಿ ಬರೀ 18ನೇ ಕಲಂ ಹಾಕಿ ಕೈತೊಳೆದುಕೊಳ್ಳಲು ಬಿಡಬಾರದು. ಹೊಡೆದಿದ್ದರೆ ಸಂಹಿತೆಯ 115, ಮೂಳೆ ಮುರಿದಿದ್ದರೆ 117, ಅಡ್ಡಗಟ್ಟಿದ್ದರೆ 126, ಕೂಡಿಹಾಕಿದ್ದರೆ 127, ಬೆದರಿಸಿ ಹಣ ಕಿತ್ತಿದ್ದರೆ 308, ಜೀವಬೆದರಿಕೆಗೆ 351. ಹಲ್ಲೆಯಾದವರು ದಲಿತರಾಗಿದ್ದು, ಮಾಡಿದವರು ಪರಿಶಿಷ್ಟ ಜಾತಿ, ಪಂಗಡದವರಲ್ಲದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ. ಯಾವ ಠಾಣೆಯಲ್ಲಿ ಬೇಕಾದರೂ ಜೀರೊ ಎಫ್‌ಐಆರ್ ಮಾಡಿಸಬಹುದು. ಗದಗಿನಲ್ಲಿ ಆದ ಘಟನೆಗೆ ಹುಬ್ಬಳ್ಳಿಯ ಠಾಣೆ "ನಮ್ಮ ಹದ್ದಿಗೆ ಬರಂಗಿಲ್ಲ" ಅನ್ನುವಂತಿಲ್ಲ. ತೆಗೆದುಕೊಳ್ಳದಿದ್ದರೆ ಎಸ್‌ಪಿ ಅಥವಾ ಪೊಲೀಸ್ ಆಯುಕ್ತರಿಗೆ ಬರೆದು ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಸಂತ್ರಸ್ತರಿಗೆ ಸರ್ಕಾರದಿಂದ ಸಿಗುವ ಪರಿಹಾರ ತೀರ್ಮಾನಿಸುವುದೂ ಇದೇ ಜಿಲ್ಲಾ ಪ್ರಾಧಿಕಾರ. ಆಸ್ಪತ್ರೆಯ ಚೀಟಿ, ಗಾಯದ ಫೋಟೊ ಜೋಪಾನ ಮಾಡಬೇಕಾದದ್ದು ಅದಕ್ಕೂ ಹೌದು.

ನಮ್ಮ ಭಾಗದಲ್ಲಿ ಅತಿ ಕಡಿಮೆ ಜನ ಮಾತಾಡುವ, ಅತಿ ಹೆಚ್ಚು ನಷ್ಟ ಆಗುವ ವಿಷಯ ಹೊಲದ್ದು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗಪ್ಪ ಆದವರನ್ನು ಊರು ಹಬ್ಬಹುಣ್ಣಿಮೆಗೆ ಕರೆಯುತ್ತದೆ, ಕಾಲಿಗೂ ಬೀಳುತ್ತದೆ. ಅಪ್ಪ ತೀರಿಕೊಂಡು ಎರೆ ಹೊಲದ ವಾರಸಾ ಬರೆಸುವಾಗ ಮಾತ್ರ ಅಣ್ಣತಮ್ಮಂದಿರ ಬಾಯಿಂದ "ಅವನ್ನ ದೇವರಿಗೆ ಬಿಟ್ಟೀವಿ, ಅವಗೆಲ್ಲಿ ಪಾಲು" ಎಂಬ ಮಾತು ಬರುತ್ತದೆ. ಹೀಗೆ ಮುತ್ತು ಕಟ್ಟಿಸಿಕೊಂಡರೆ ಪಾಲು ಹೋಗುತ್ತದೆ ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಮಗನೋ ಮಗಳೋ ಎಂಬ ವಾದ ತೆಗೆದರೂ ಪ್ರಯೋಜನವಿಲ್ಲ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಇಬ್ಬರ ಪಾಲೂ ಸಮ. ಗುರುತು ಬದಲಾದರೂ ಪಾಲು ಬದಲಾಗುವುದಿಲ್ಲ.

ಆದರೂ ಪಾಲು ಕೈತಪ್ಪುವುದು ಹೇಗೆ? ಹೆಚ್ಚಾಗಿ ಎರಡು ರೀತಿ. ಒಂದು, ವಾರಸಾ ವಂಶಾವಳಿಯಲ್ಲಿ ಹೆಸರೇ ಬಿಟ್ಟುಬಿಡುವುದು. ಅವರು ಹುಬ್ಬಳ್ಳಿಯಲ್ಲೋ ಮುಂಬೈಯಲ್ಲೋ ಇರುತ್ತಾರೆ, ಊರ ಚಾವಡಿಗೆ ಅಂಟಿಸಿದ ನೋಟಿಸು ಅವರಿಗೆ ಹೇಗೆ ಕಾಣಬೇಕು? ಎರಡು, ಅವ್ವನಿಗೆ ಹುಷಾರಿಲ್ಲ ಎಂದು ಕರೆಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು. ವರ್ಷಗಟ್ಟಲೆ ಮಾತಾಡಿಸದಿದ್ದ ಮನೆಯವರು ಉಣ್ಣಲಿಕ್ಕೆ ಕೂಡಿಸಿ ಪೆನ್ನು ಕೈಗೆ ಕೊಟ್ಟಾಗ ಯಾರು ತಾನೇ ಕಾಗದ ಓದುತ್ತಾರೆ? ನೋಂದಣಿಯಾದ ಆ ಪತ್ರ ರದ್ದು ಮಾಡಿಸುವುದು ಕಷ್ಟದ ಕೆಲಸ. ಅದಕ್ಕಾಗಿ ಸಹಿಗಿಂತ ಮೊದಲೇ ಪ್ರಾಧಿಕಾರಕ್ಕೆ ಹೋಗಿ ಆ ಕಾಗದ ಓದಿಸಿಕೊಳ್ಳಬೇಕು. ಬರೀ ಸಲಹೆ ಕೇಳಲಿಕ್ಕೂ ಅಲ್ಲಿ ಹೋಗಬಹುದು, ಕೇಸು ಹಾಕಲೇಬೇಕೆಂದಿಲ್ಲ. ಹೊಲದ ಸರ್ವೆ ನಂಬರ್ ಗೊತ್ತಿದ್ದರೆ ಉತಾರ (ಪಹಣಿ) ಯಾವ ಸೈಬರ್ ಅಂಗಡಿಯಲ್ಲೂ ತೆಗೆಸಬಹುದು. ಹೆಸರು ಬಿಟ್ಟಿದ್ದರೆ ತಹಶೀಲ್ದಾರರಿಗೆ ತಕರಾರು ಅರ್ಜಿ, ಪಾಲಿಗೆ ಸಿವಿಲ್ ಕೋರ್ಟಿನಲ್ಲಿ ವಾಟ್ನಿ ದಾವೆ. ಒಟ್ಟು ಕುಟುಂಬದ ಆಸ್ತಿಯಿಂದ ತಮ್ಮನ್ನು ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷ ಕಾಲಾವಕಾಶ ಉಂಟು. ಹಿರಿಯರು ಸೇರಿ "ಇಷ್ಟು ರೊಕ್ಕ ತಗೊಂಡು ಮುಗಿಸಿಬಿಡು, ಲೋಕ ಅದಾಲತ್‌ನ್ಯಾಗ ಸಹಿ ಮಾಡು" ಎಂದಾಗಲೇ ನಾನು ಮೇಲೆ ಹೇಳಿದ ಅಪಾಯ. ಅಲ್ಲಿ ಒಮ್ಮೆ ಒಪ್ಪಿದರೆ ಮೇಲ್ಮನವಿ ಇಲ್ಲ. ಹೊಲದ ಇವತ್ತಿನ ಬೆಲೆ ವಿಚಾರಿಸದೇ ಸಹಿ ಬೇಡ.

ವಕೀಲರು ಗೆದ್ದ ಮೇಲೂ ಕೆಲಸ ಉಳಿಯುತ್ತದೆ. ಜಿಲ್ಲಾಧಿಕಾರಿ ಅಧೀನದಲ್ಲಿ ರಕ್ಷಣಾ ಕೋಶ ಇರಬೇಕೆಂದು 2020ರ ನಿಯಮದಲ್ಲಿದೆ. ಸಂಸ್ಥೆಗಳಲ್ಲಿ ದೂರು ಅಧಿಕಾರಿ ಇರಬೇಕೆಂದು ಕಾಯ್ದೆಯಲ್ಲಿದೆ. ಹೀಗೆ ಬರೆದದ್ದನ್ನು ಮಾಡದೇ ಬಿಟ್ಟ ಸರ್ಕಾರಗಳನ್ನು 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಜೇನ್ ಕೌಶಿಕ್ ಪ್ರಕರಣದಲ್ಲಿ ತರಾಟೆಗೆ ತೆಗೆದುಕೊಂಡಿತು. ಕೆಲಸ ಕಳೆದುಕೊಂಡ ಆ ಶಿಕ್ಷಕಿಗೆ ಪರಿಹಾರ ಕೊಡಿಸಿ, ಇವೆಲ್ಲ ವ್ಯವಸ್ಥೆ ಮಾಡಲು ಆದೇಶಿಸಿತು. ಗದಗಿನಲ್ಲೋ ಹಾವೇರಿಯ ದೇವಗಿರಿಯಲ್ಲಿರುವ ಜಿಲ್ಲಾಡಳಿತ ಭವನದಲ್ಲೋ ಆ ಕೋಶ ಎಲ್ಲಿದೆ, ಯಾರು ಅಧಿಕಾರಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳುವುದಕ್ಕೆ ವಕೀಲರೂ ಬೇಕಿಲ್ಲ. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಅರ್ಜಿಯ ಶುಲ್ಕವೂ ಇಲ್ಲ. ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ಮುಂದಿನ ಮೆಟ್ಟಿಲೂ ದೂರವಿಲ್ಲ. ಹೈಕೋರ್ಟಿಗೆ ಹೋಗಲು ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಕಾಲ ಮುಗಿದಿದೆ. 2008ರಲ್ಲಿ ಶುರುವಾದ ಧಾರವಾಡದ ಸಂಚಾರಿ ಪೀಠ 2013ರ ಆಗಸ್ಟ್ 25ರಂದು ಕಾಯಂ ಆಯಿತು. ಅಲ್ಲೂ ಉಚಿತ ನೆರವಿಗೆ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿ ಇದೆ. ಅಲ್ಲಿಗೆ ಹೋಗುವ ಬಸ್ಸಿಗೂ ಟಿಕೆಟ್ ದುಡ್ಡು ಬೇಕಿಲ್ಲ, 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆಯಲ್ಲಿ ಮಂಗಳಮುಖಿಯರಿಗೂ ಉಚಿತ ಪ್ರಯಾಣ ಇದೆ.

ಆದರೆ ಮೇಲಿನ ಮೆಟ್ಟಿಲು ಹತ್ತುವವರ ಕೈಯಲ್ಲಿ ಒಂದು ಕಾಗದ ಇರಲೇಬೇಕು. ಕೌಂಟರಿನಲ್ಲಿ "ಆಗಂಗಿಲ್ಲ, ನಾಳೆ ಬರ್ರಿ, ಸಾಹೇಬ್ರಿಲ್ಲ" ಎಂದು ಬಾಯಿಮಾತಿನಲ್ಲಿ ಕಳಿಸಿದ್ದನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವುದು ಕಷ್ಟ. ಅರ್ಜಿ ಎರಡು ಪ್ರತಿ ಮಾಡಿಸಿ ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಬೇಕು. ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್. ತಿರಸ್ಕರಿಸಿದರೆ ಯಾವ ಕಾರಣಕ್ಕೆ ಎಂದು ಹಿಂಬರಹ ಕೇಳಬೇಕು. "ಹಿಂಬರಹ ಕೊಡ್ರಿ ಸಾಹೇಬ್ರ" ಅನ್ನುವ ಮಾತಿಗೆ ಕೆಲವು ಕಚೇರಿಗಳಲ್ಲಿ ಅರ್ಜಿಯೇ ಮುಂದೆ ಸರಿಯುತ್ತದೆ. ಸರಿಯದಿದ್ದರೆ ಮೇಲ್ಮನವಿಯ ಮೊದಲ ಪುಟಕ್ಕೆ ಲಗತ್ತಿಸುವುದು ಅದನ್ನೇ. ಗುರುತಿನ ಪ್ರಮಾಣಪತ್ರದ ವಿಷಯದಲ್ಲಿ 2020ರ ನಿಯಮ ಕೊಟ್ಟ 90 ದಿನದ ಗಡುವು ಶುರುವಾಗುವುದೂ ಆ ತಿರಸ್ಕಾರ ಕೈಗೆ ಬಂದ ದಿನದಿಂದಲೇ.